ನಾಲ್ಕೂ ಕಡೆ ಬೆನ್ನಿರುವವನು

ಜುಲೈ 9, ಮಂಗಳವಾರ

ಕೌನ್ಸಿಲ್ ಆಫೀಸಿನ ಬಾಗಿಲಿಗೆ ಇವತ್ತು ನೋಟಿಸು ಅಂಟಿಸಿದ್ದಾರೆ. ಹೊಸ ಡಾಂಬರು ರಸ್ತೆಯ ಬದಿಯಲ್ಲಿರುವ ‘ಅನಧಿಕೃತ ಲೋಹದ ರಚನೆ’ಯನ್ನು ಈ ತಿಂಗಳ ಮೂವತ್ತೊಂದರೊಳಗೆ ತೆಗೆಯಬೇಕಂತೆ. ಆ ದಿನ ಮಂತ್ರಿಗಳು ರಸ್ತೆಯ ಉದ್ಘಾಟನೆಗೆ ಬರುತ್ತಾರೆ. ರಚನೆಯ ಹೆಸರನ್ನು ಬರೆಯುವ ಧೈರ್ಯ ಮಾತ್ರ ಯಾರಿಗೂ ಬಂದಿಲ್ಲ. ಹೆಸರು ‘ಓಟಿಗೆ ಬಂದವನು’. ಮಾಡಿದವರು ನನ್ನ ತಮ್ಮ ಬಾರೆಂಟ್ ಇಸಾಕ್.

ಇದನ್ನು ನನಗಾಗಿಯೇ ಬರೆದುಕೊಳ್ಳುತ್ತಿರುವುದರಿಂದ ಮುಚ್ಚುಮರೆ ಬೇಡ. ಅವರ ಕಬ್ಬಿಣದ ಕೆಲಸ ನನಗೆ ಯಾವತ್ತೂ ಹಿಡಿಸಿಲ್ಲ. ಗಣಿ ಮುಚ್ಚಿದ ಮೇಲೆ ಅಲ್ಲಿಯ ವರ್ಕ್‌ಶಾಪಿನ ಗುಜರಿಯನ್ನೆಲ್ಲ ಹೊತ್ತು ತಂದು, ಊರಾಚೆಯ ಜಲ್ಲಿ ಬಯಲಿನಲ್ಲಿ ಒಂದೊಂದನ್ನೇ ನಿಲ್ಲಿಸುತ್ತಾ ಬಂದರು. ಲಾರಿಯ ಸ್ಪ್ರಿಂಗ್ ಪಟ್ಟಿಗಳಿಂದ ಮಾಡಿದ ಎರಡು ಉಷ್ಟ್ರಪಕ್ಷಿಗಳು ಒಂದರ ಕಡೆಗೊಂದು ಕೊಕ್ಕು ಚಾಚಿವೆ. ಹೆಸರು ‘ನಾನಲ್ಲ, ಅವಳು’. ಬಾಯ್ಲರ್ ಮುಚ್ಚಳದ ಆಮೆ ‘ಬಂದೆ ಬಂದೆ’. ತೆಕ್ಕೆಬಿದ್ದು ಕುಣಿಯುವ ಬಬೂನ್ ಕೋತಿಗಳ ಜೋಡಿ ‘ಪಾದ್ರಿಗಳಿಗೆ ಹೇಳಬೇಡಿ’. ಪ್ರವಾಸಿಗರು ಕಾರು ನಿಲ್ಲಿಸಿ, ನಕ್ಕು, ಫೋಟೋ ತೆಗೆದುಕೊಂಡು ಹೋಗುತ್ತಾರೆ. ನನ್ನ ಅಜ್ಜಿಯ ತಾಯಿ ಜರ್ಮನರು ನಮ್ಮ ನಾಡನ್ನು ಆಳುತ್ತಿದ್ದ ಕಾಲದಲ್ಲಿ ಸಮುದ್ರದ ನಡುವಿನ ದ್ವೀಪದ ಸೆರೆ ಕ್ಯಾಂಪಿನಲ್ಲಿ ಹಸಿದು ಸತ್ತಳು. ಅವಳ ಹೆಸರಿನಲ್ಲಿ ಒಂದು ಕಲ್ಲಿಲ್ಲ. ಆಮೆಗೆ ಪ್ರತಿಮೆಯಿದೆ.

‘ಓಟಿಗೆ ಬಂದವನು’ ಆಳೆತ್ತರಕ್ಕಿಂತ ದೊಡ್ಡವನು. ಗಣಿಯ ಕೊಳವೆಗಳ ಕಾಲು, ಲಾರಿ ಬಾನೆಟ್ಟಿನ ಕೋಟು. ಸುತ್ತ ಒಂದು ಸುತ್ತು ಬಂದರೂ ಮುಖ ಸಿಗುವುದಿಲ್ಲ. ಓಟು ಕೇಳಿದವರು ಗೆದ್ದ ಮೇಲೆ ನಮಗೆ ತೋರಿಸುವ ಹಾಗೆ, ನಾಲ್ಕೂ ಕಡೆ ಬೆನ್ನು. ರಸ್ತೆ ಅವನ ಪಕ್ಕಕ್ಕೇ ಬಂದದ್ದು ಅವನ ತಪ್ಪಲ್ಲ. ಅವನು ಮೊದಲೇ ಅಲ್ಲಿದ್ದ.

ನನಗೆ ಹಿಡಿಸದಿರುವುದು ಒಂದು ವಿಷಯ. ನವೆಂಬರಿನ ಚುನಾವಣೆಗೆ ಹೆದರಿ ಕೌನ್ಸಿಲ್ ಅದನ್ನು ಕೀಳಿಸುವುದು ಬೇರೆಯೇ ವಿಷಯ. ಶುಕ್ರವಾರದ ಸಭೆಗೆ ಹೋಗುತ್ತೇನೆ.

ಜುಲೈ 12, ಶುಕ್ರವಾರ

ಹೋಗಿದ್ದೆ. ಕೌನ್ಸಿಲರ್ ಸಾಲಮೋನ್ ಬೋಯಿಸ್ ನನ್ನ ಹಳೆಯ ವಿದ್ಯಾರ್ಥಿ. ಎದ್ದು ನಿಂತು ಕುರ್ಚಿ ತೋರಿಸಿದ.

“ಕೂತ್ಕೊಳ್ಳಿ ಮಿಸ್. ನೀವು ನಿಂತ್ರೆ ನಂಗೆ ಈಗ್ಲೂ ಮಗ್ಗಿ ಒಪ್ಪಿಸ್ಬೇಕು ಅನ್ಸುತ್ತೆ.”

“ಏಳರ ಮಗ್ಗಿ ಆಗ್ಲೂ ನಿಂಗೆ ಬರ್ತಿರ್ಲಿಲ್ಲ, ಸಾಲಮೋನ್.”

ಎಲ್ಲರೂ ನಕ್ಕರು, ಅವನೂ ನಕ್ಕ. ಆಮೇಲೆ ಪರ್ಮಿಟ್ ಇಲ್ಲವೆಂದ. ರಾಜಧಾನಿಯಲ್ಲಿ ಕುದುರೆಯ ಮೇಲೆ ಕೂತ ಕಂಚಿನ ಜರ್ಮನ್ ಸಿಪಾಯಿ ನೂರು ವರ್ಷ ನಿಂತಿದ್ದನಲ್ಲ, ಅವನ ಪರ್ಮಿಟ್ ಯಾರು ನೋಡಿದರು ಎಂದು ಕೇಳಿದೆ.

“ಅವನನ್ನೂ ತೆಗೆದ್ವಲ್ಲ ಮಿಸ್.”

“ನೂರು ವರ್ಷ ಆದ್ಮೇಲೆ. ಇವನಿಗೂ ಅಷ್ಟು ಕೊಡಿ.”

“ಅದು ಯಾರನ್ನ ನೋಡಿ ಮಾಡಿದ್ದು ಅಂತ ಊರಿಗೆಲ್ಲ ಗೊತ್ತು.”

“ಮುಖಾನೇ ಇಲ್ಲ. ನಿಂಗೆ ಹೇಗೆ ಗುರುತು ಸಿಕ್ತು?”

ಈ ಸಲ ಅವನು ನಗಲಿಲ್ಲ. ನನ್ನ ಮಾತು ಚೆನ್ನಾಗಿತ್ತು, ದಾರಿಯುದ್ದಕ್ಕೂ ಅದನ್ನೇ ಮೆಲುಕು ಹಾಕುತ್ತಾ ಬಂದೆ. ಗೊತ್ತುವಳಿ ಮಾತ್ರ ಪಾಸಾಯಿತು. ಬಾರೆಂಟ್ ತಾವಾಗಿಯೇ ತೆಗೆಯದಿದ್ದರೆ ಮೂವತ್ತೊಂದರ ಬೆಳಿಗ್ಗೆ ಕೌನ್ಸಿಲ್ ಕ್ರೇನು ತರಿಸುತ್ತದೆ.

ಜುಲೈ 16, ಮಂಗಳವಾರ

ಬಾರೆಂಟರ ಮಗಳು ಲೀನಾ ಕ್ಲಿನಿಕ್ಕಿನ ಕೆಲಸ ಮುಗಿಸಿ ಯೂನಿಫಾರಂನಲ್ಲೇ ಬಂದಳು. ಕೂರಲಿಲ್ಲ.

“ಅತ್ತೆ, ಅಪ್ಪ ಪಿಕಪ್ ತಗೊಂಡು ಹೋಗಿ ‘ಓಟಿಗೆ ಬಂದವನ’ ಸೊಂಟಕ್ಕೂ ಗಾಡಿಗೂ ಚೈನ್ ಬಿಗಿದು ಕೂತಿದಾರೆ. ಹಾಸಿಗೆ, ಒಲೆ, ವೆಲ್ಡಿಂಗ್ ಮಿಷನ್ ಎಲ್ಲ ಅಲ್ಲೇ. ಕ್ರೇನ್ ಬಂದ್ರೆ ತನ್ನನ್ನೂ ಸೇರಿಸಿ ಎತ್ಬೇಕಂತೆ.”

“ಎತ್ತೋ ಧೈರ್ಯ ಇವರಿಗಿಲ್ಲ.”

“ಅಪ್ಪನ ಎದೆಯ ಎಕ್ಸ್‌ರೇ ನೋಡಿರೋಳು ನಾನು, ಕೌನ್ಸಿಲರ್ ಅಲ್ಲ. ಒಳಗೆ ಪೂರ್ತಿ ಗಣಿ ಧೂಳು. ಚಳಿಗಾಲ ಬೇರೆ, ಬಯಲಲ್ಲಿ ಬೆಳಗಿನ ಜಾವ ನೀರು ಗಡ್ಡೆ ಕಟ್ಟುತ್ತೆ. ನೀವೊಂದ್ ಮಾತು ಹೇಳಿ ಅತ್ತೆ. ಮನೆಗೆ ಬನ್ನಿ ಅಂತ. ಅಷ್ಟೇ.”

ಆಗುವುದಿಲ್ಲ ಎಂದೆ.

ನಾನು ಹಟಕ್ಕೆ ಹಾಗೆಂದೆ ಎಂದು ಅವಳು ತಿಳಿದುಕೊಂಡಿರಬೇಕು. ನಮ್ಮವರಲ್ಲಿ ಬೆಳೆದ ಮೇಲೆ ಅಕ್ಕ ತಮ್ಮ ಬಹುವಚನ ಬಿಡುವ ಹಾಗಿಲ್ಲ, ನೇರವಾಗಿ ಮಾತಾಡುವ ಹಾಗಿಲ್ಲ, ಹೇಳುವುದನ್ನು ಇನ್ನೊಬ್ಬರ ಬಾಯಲ್ಲೇ ಹೇಳಿ ಕಳಿಸಬೇಕು; ಆದರೆ ಹಿರಿಯಕ್ಕ ಆಡಿದ ಮಾತನ್ನು ತಮ್ಮ ಮೀರುವ ಹಾಗಿಲ್ಲ. ಆದ್ದರಿಂದಲೇ ಅಕ್ಕಂದಿರು ಅದನ್ನು ಸುಲಭಕ್ಕೆ ಆಡುವುದಿಲ್ಲ. ನಾನು ಒಂದೇ ಸಲ ಆಡಿದ್ದೇನೆ, ಸ್ವಾತಂತ್ರ್ಯ ಬಂದ ವರ್ಷ, ಕುಡಿತ ಬಿಡಿ ಎಂದು. ಅದನ್ನೂ ಅವರ ಹೆಂಡತಿಯ ಬಾಯಲ್ಲಿ ಹೇಳಿ ಕಳಿಸಿದ್ದೆ. ಆ ಸಂಜೆಯಿಂದ ಅವರು ಮುಟ್ಟಿಲ್ಲ. ಈಗ ಮನೆಗೆ ಬನ್ನಿ ಎಂದರೆ ಅವರು ಬರುತ್ತಾರೆ. ಅವರು ಬಂದ ಮೇಲೆ ಕ್ರೇನು ಬರುತ್ತದೆ. ಸಾಲಮೋನನ ಕೆಲಸವನ್ನು ನನ್ನ ಬಾಯಿ ಮಾಡಿಕೊಟ್ಟ ಹಾಗಾಗುತ್ತದೆ.

ಜುಲೈ 21, ಭಾನುವಾರ

ಚರ್ಚು ಮುಗಿದ ಮೇಲೆ ಹೆಂಗಸರು ಅಂಗಳದಲ್ಲೇ ಹಿಡಿದುಕೊಂಡರು.

“ಹೆಸ್ತರ್, ನಿನ್ನ ಮಾತನ್ನ ಪೆಟ್ಟಿಗೇಲಿ ಇಟ್ಟು ಬೀಗ ಹಾಕಿದೀಯಾ?”

“ತಮ್ಮನ ಹೆಣದ ಮುಂದೆ ತೆಗೀತಾಳಂತೆ.”

“ಓದ್ದೋರು ಹಂಗೇ ಕಣೆ. ಅವಳು ಕೌನ್ಸಿಲಿಗೆ ಬರೆದ ಪತ್ರದ ಉದ್ದ ನೋಡು, ತಮ್ಮನಿಗೆ ಒಂದ್ ಮಾತು ಹೇಳಕ್ಕೆ ಬಾಯಿಲ್ಲ.”

ಬಿಳಿಯರ ಸರ್ಕಾರ ಇವರ ಅಪ್ಪಂದಿರನ್ನು ಹಳೆಯ ಕೇರಿಯಿಂದ ಲಾರಿಯಲ್ಲಿ ತುಂಬಿ ತಂದು ಇಲ್ಲಿ ಸುರಿದಾಗಲೂ ಇದೇ ಅಂಗಳದಲ್ಲಿ ಇದೇ ಮಾತು ನಡೆದಿತ್ತು. ಸುಮ್ಮನೆ ಹತ್ತಿ ಕೂತಿದ್ದರೆ ಆಗುತ್ತಿತ್ತಲ್ಲ, ಯಾಕೆ ಹಟ ಮಾಡಬೇಕಿತ್ತು ಎಂದು. ಆಗ ನಾನು ಚಿಕ್ಕವಳು, ಆದರೆ ಯಾರು ಯಾರು ಹಾಗಂದರೆಂದು ನನಗೆ ನೆನಪಿದೆ. ಅದನ್ನು ಅವರಿಗೆ ಹೇಳಿಯೂ ಬಂದೆ. ಕಾಫಿ ಕೊಡುವವರು ನನ್ನನ್ನು ಬಿಟ್ಟು ಮುಂದೆ ಹೋದರು.

ಜುಲೈ 23, ಮಂಗಳವಾರ

ಪೂರ್ವದ ಗಾಳಿ ಎದ್ದಿದೆ. ಕಿಟಕಿಯ ಸಂದಿಗೆ ಒದ್ದೆ ಬಟ್ಟೆ ತುರುಕಿದ್ದೇನೆ. ಆದರೂ ಹಲ್ಲಿನಲ್ಲಿ ಮರಳು. ಬಯಲಲ್ಲಿ ಹೇಗಿದೆಯೋ.

ಇವತ್ತು ಯಾರಿಗೂ ಪತ್ರ ಬರೆಯಲಿಲ್ಲ.

ಜುಲೈ 26, ಶುಕ್ರವಾರ

ಗಾಳಿ ಸ್ವಲ್ಪ ತಗ್ಗಿತ್ತು. ಮೇಕೆ ಮಾಂಸದ ಸಾರು ಮತ್ತು ಕೆಂಡದಲ್ಲಿ ಸುಟ್ಟ ರೊಟ್ಟಿ ಕಟ್ಟಿಕೊಂಡು ಲೀನಾಳ ಕಾರಿನಲ್ಲಿ ಬಯಲಿಗೆ ಹೋದೆ. ಇಷ್ಟು ವರ್ಷದಲ್ಲಿ ಅವುಗಳ ಹತ್ತಿರ ಹೋದದ್ದು ಇದೇ ಮೊದಲು. ರಸ್ತೆಯಿಂದ ಬೈದಿದ್ದೇ ಬಂತು.

ಬಾರೆಂಟ್ ಪಿಕಪ್ಪಿನಿಂದ ಇಳಿದು ಟೋಪಿ ತೆಗೆದು ನೆಲ ನೋಡುತ್ತಾ ನಿಂತರು. ಊರನ್ನೆಲ್ಲ ನಗಿಸುವ ಮನುಷ್ಯ. ನನ್ನೆದುರು ಮಾತ್ರ ಯಾವತ್ತೂ ಹೀಗೆಯೇ. ಅಕ್ಕನ ಮುಂದೆ ತಮಾಷೆ ಆಡುವ ಹಾಗಿಲ್ಲ. ಮುಖ ಇಳಿದಿತ್ತು. ನಮ್ಮಿಬ್ಬರ ನಡುವೆ ನಾಲ್ಕು ಹೆಜ್ಜೆಯಿದ್ದರೂ ಲೀನಾ ನಡುವೆ ನಿಂತಳು.

“ಊಟ ತಂದಿದೀನಿ ಅಂತ ಹೇಳು,” ಎಂದೆ.

“ಅಪ್ಪ, ಅತ್ತೆ ಊಟ ತಂದಿದಾರಂತೆ.”

“ಅಕ್ಕ ಯಾಕೆ ತೊಂದ್ರೆ ತಗೊಂಡ್ರು ಅಂತ ಕೇಳು.”

“ತೊಂದ್ರೆ ಏನಿಲ್ಲ ಅಂತ ಹೇಳು.”

“ಇಬ್ರಿಗೂ ಕಿವಿ ಚೆನ್ನಾಗಿದೆ,” ಎಂದಳು ಲೀನಾ. “ನನ್ನನ್ನ ಯಾಕೆ ಪೋಸ್ಟಾಫೀಸ್ ಮಾಡ್ತೀರಿ?”

ಅವರು ನಗಲು ಹೋಗಿ ಕೆಮ್ಮಿದರು. ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ಒಂದು ಕೈಯಲ್ಲಿ ‘ಓಟಿಗೆ ಬಂದವನ’ ಕೋಟನ್ನು ಹಿಡಿದುಕೊಂಡೇ ಕೆಮ್ಮಿದರು. ಮರಳು ಉಜ್ಜಿ ಉಜ್ಜಿ ಅವನ ಪೂರ್ವದ ಬೆನ್ನು ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಉಳಿದ ಮೂರು ಬೆನ್ನುಗಳು ತುಕ್ಕಿನ ಬಣ್ಣ. ಹೊಲಿಗೆ ಹಾಕಿದಂಥ ವೆಲ್ಡಿಂಗಿನ ಸಾಲು ಕೊರಳಪಟ್ಟಿಯ ಸುತ್ತ ಒಂದೇ ಸಮ. ನಮ್ಮ ತಾಯಿ ತುಂಡು ಬಟ್ಟೆಗಳನ್ನು ಜೋಡಿಸಿ ಲಂಗ ಹೊಲಿಯುತ್ತಿದ್ದುದು ಹೀಗೆಯೇ.

ಊಟ ಮಾಡುವಾಗ ಅವರು ಆ ಕಡೆ ತಿರುಗಿ ಕೂತರು, ನಾನು ‘ಬಂದೆ ಬಂದೆ’ಯ ಮರೆಯಲ್ಲಿ ಕೂತೆ. ಆಮೆ ಒಳ್ಳೆಯ ಮರೆ ಕೊಡುತ್ತದೆ. ‘ನಾನಲ್ಲ, ಅವಳು’ ಹಕ್ಕಿಗಳು ಗಾಳಿಗೆ ಕೀರ್ ಕೀರ್ ಎನ್ನುತ್ತಿದ್ದವು. ಅವುಗಳ ಜಗಳ ನಿಲ್ಲುವ ಹಾಗೆ ಕಾಣಲಿಲ್ಲ.

ಹೊರಡುವ ಮುಂಚೆ ಲೀನಾಳಿಗೆ ಹೇಳಿದೆ: “ಮನೆಗೆ ಬರ್ತಾರಾ ಅಂತ ಕೇಳು.”

“ಅಕ್ಕ ಹೇಳಿದ್ರೆ ಬರ್ತೀನಿ ಅಂತ ಹೇಳು.”

“ನಾನು ಹೇಳ್ಬೇಕು ಅಂತ ಅವರಿಗಿದೆಯಾ, ಕೇಳು.”

ಅವರು ಬೂಟಿನ ತುದಿಯಿಂದ ಜಲ್ಲಿ ಸರಿಸುತ್ತಾ ನಿಂತರು. ಲೀನಾ ನನ್ನ ಮುಖ ನೋಡಿದಳು, ಕಣ್ಣಲ್ಲೇ ಬೇಡಿಕೊಂಡಳು.

“ಇಲ್ಲ ಅಂತ ಹೇಳು,” ಎಂದರು ಬಾರೆಂಟ್.

ಲೀನಾ ಊಟದ ಪಾತ್ರೆಗಳನ್ನು ಎತ್ತಿಕೊಂಡು ಕಾರಿನ ಕಡೆ ನಡೆದಳು.

ಜುಲೈ 28, ಭಾನುವಾರ

ಸಾಲಮೋನ್ ಮನೆಗೇ ಬಂದಿದ್ದ. ಒಂದು ಪ್ಯಾಕೆಟ್ ಒಳ್ಳೆಯ ಕಾಫಿಪುಡಿ ತಂದಿದ್ದ. ಅದನ್ನು ಮೇಜಿನ ಮೇಲೆ ಇಟ್ಟ ಕಡೆಯೇ ಬಿಟ್ಟೆ.

“ಮಿಸ್, ಬುಧವಾರ ಕ್ರೇನ್ ಜೊತೆ ಪೊಲೀಸ್ರೂ ಬರ್ತಾರೆ. ಅವರು ನಮ್ಮೂರೋರಲ್ಲ. ಮುದುಕರು ಅಂತ ನೋಡಲ್ಲ. ಎಳೆಯೋವಾಗ ಅವರ ಎದೆಗೇನಾದ್ರೂ ಆಗ್ಬಿಟ್ರೆ ನೀವೂ ನಾನೂ ಈ ಊರಲ್ಲೇ ಇರ್ಬೇಕಲ್ವಾ?”

“ಹೆದರಿಸ್ತಿದೀಯಾ?”

“ಹೆದರಿದೀನಿ. ಚಿಕ್ಕವನಿದ್ದಾಗ ಬಾರೆಂಟ್ ಅಂಕಲ್ ನಂಗೆ ತಗಡಿನ ಗಾಡಿ ಮಾಡಿಕೊಟ್ಟಿದ್ರು. ಅವರನ್ನ ಎಳ್ಸೋಕೆ ನಂಗಿಷ್ಟ ಇಲ್ಲ. ಉಳಿದವೆಲ್ಲ ಇರ್ಲಿ ಮಿಸ್, ಆಮೆ, ಕೋತಿ, ಎಲ್ಲ. ಇವನೊಬ್ಬ ಇಳಿದ್ರೆ ಸಾಕು. ನೀವು ಹೇಳಿದ್ರೆ ಅವರು ತಾವೇ ಇಳಿಸ್ತಾರೆ, ಯಾರೂ ಯಾರನ್ನೂ ಮುಟ್ಬೇಕಾಗಿಲ್ಲ.”

ಅವನ ಮಾತಿನಲ್ಲಿ ನಿಜವೂ ಇತ್ತು, ಅದೇ ನನ್ನನ್ನು ಕೆಣಕಿತು. ಬಾರೆಂಟ್ ಕೆಮ್ಮಿದ ಸದ್ದು ನನ್ನ ಕಿವಿಯಲ್ಲಿತ್ತು.

“ಯೋಚಿಸ್ತೀನಿ,” ಎಂದೆ.

“ಅಷ್ಟು ಸಾಕು ಮಿಸ್.”

“ಯಾವುದಕ್ಕೆ ಸಾಕು?” ಎನ್ನುವಷ್ಟರಲ್ಲಿ ಅವನು ಟೋಪಿ ಹಾಕಿಕೊಂಡು ಅಂಗಳಕ್ಕಿಳಿದಿದ್ದ. ಕಾಫಿಪುಡಿ ಇಲ್ಲಿಯೇ ಇದೆ.

ಜುಲೈ 30, ಮಂಗಳವಾರ

ಹೇಳುವುದಿಲ್ಲ.

ನಾಳೆ ಬೆಳಿಗ್ಗೆ ಲೀನಾಳ ಕಾರಿನಲ್ಲಿ ಹೋಗಿ ಅವರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಎಳೆಯುವುದಾದರೆ ಇಬ್ಬರನ್ನೂ ಎಳೆಯಲಿ. ಮಂತ್ರಿಗಳ ಕಾರು ನಿಂತರೆ ಏನು ಹೇಳಬೇಕೆಂದು ಸಿದ್ಧ ಮಾಡಿಕೊಂಡಿದ್ದೇನೆ. ದ್ವೀಪದ ಕ್ಯಾಂಪಿನಿಂದ ಶುರುಮಾಡಿ ಡಾಂಬರು ರಸ್ತೆಯವರೆಗೆ, ಒಂದೂ ಬಿಡದೆ. ಕನ್ನಡಿಯ ಮುಂದೆ ಎರಡು ಸಲ ಹೇಳಿಕೊಂಡೆ. ಚೆನ್ನಾಗಿದೆ.

ಆಗಸ್ಟ್ 3, ಶನಿವಾರ

ಎರಡು ದಿನ ಕಣ್ಣು ಬಿಡಲಾಗಲಿಲ್ಲ. ಇವತ್ತೂ ಅಕ್ಷರಗಳ ಸುತ್ತ ನೀರು ನಿಂತ ಹಾಗಿದೆ. ಆದರೂ ಬುಧವಾರ ನಡೆದದ್ದನ್ನು ಬರೆದಿಡಬೇಕು.

ಕುರ್ಚಿಯನ್ನು ಹೊರಗಿಟ್ಟು ಲೀನಾಳಿಗಾಗಿ ಕಾಯುತ್ತಿದ್ದೆ. ಅವಳು ಕಾರು ನಿಲ್ಲಿಸಿದವಳು ಬಾಗಿಲು ಕೂಡ ಹಾಕದೆ ಬಂದಳು.

“ಅತ್ತೆ, ನೀವು ಹೇಳಿ ಕಳಿಸಿದ್ದು ಒಳ್ಳೇದೇ ಆಯ್ತು. ಆದ್ರೆ ಕತ್ತರಿಸೋಕೆ ಯಾಕೆ ಹೇಳಿದ್ರಿ? ಅವರ ಕೈಯಲ್ಲೇ ಯಾಕೆ?”

“ಏನು ಕತ್ತರಿಸೋದು?”

“ಅಪ್ಪ ಅವನ ಕಾಲು ಕುಯ್ತಿದಾರೆ. ಅಳ್ತಾ ಕುಯ್ತಿದಾರೆ.”

ಹಿಂದಿನ ಸಂಜೆ ಚರ್ಚಿನ ಹಿರಿಯ ಯೋನಾಸ್ ಬಯಲಿಗೆ ಹೋಗಿದ್ದನಂತೆ. ಯೋನಾಸ್ ಸುಳ್ಳು ಹೇಳುವವನಲ್ಲ. ಮಿಸ್ ಒಪ್ಪಿದಾರೆ ಎಂದು ಸಾಲಮೋನ್ ಅವನಿಗೆ ಹೇಳಿದ್ದ, ಅವನು ಟೋಪಿ ತೆಗೆದು ಬಾರೆಂಟರಿಗೆ ಹೇಳಿದ್ದ: “ನಿಮ್ಮಕ್ಕ ಹೇಳಿ ಕಳಿಸಿದಾರೆ. ಅವನನ್ನ ಇಳಿಸ್ಬೇಕಂತೆ.” ಬಾರೆಂಟ್ ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಂತೆ. ಬೆಳಕಾಗುವುದನ್ನು ಕಾದು ಗ್ಯಾಸ್ ಕಟರ್ ಹೊತ್ತಿಸಿದ್ದರು. ಅವರೇ ಇಳಿಸುತ್ತಾರೆಂದು ಕೌನ್ಸಿಲ್ ಕ್ರೇನನ್ನೂ ಪೊಲೀಸರನ್ನೂ ಬೇಡವೆಂದಿತ್ತು.

ನಾವು ತಲುಪಿದಾಗ ಒಂದು ಕಾಲು ಪೂರ್ತಿ ಕತ್ತರಿಸಿ ಹೋಗಿತ್ತು. ‘ಓಟಿಗೆ ಬಂದವನು’ ಚೈನಿನ ಮೇಲೆ ಭಾರ ಬಿಟ್ಟು ವಾಲಿದ್ದ. ಅವರು ಇನ್ನೊಂದು ಕಾಲಿನ ಬುಡದಲ್ಲಿ ಮಂಡಿಯೂರಿದ್ದರು, ಕಿಡಿಗಳು ಜಲ್ಲಿಯ ಮೇಲೆ ಹರಿಯುತ್ತಿದ್ದವು. ಲೀನಾಳ ಬಾಯಲ್ಲಿ ಹೇಳಿಸಲು ಪುರುಸೊತ್ತಿರಲಿಲ್ಲ.

“ನಿಲ್ಲಿಸಿ,” ಎಂದೆ.

ಬೆಂಕಿ ಆರಿಸಿದರು. ಮಾಸ್ಕ್ ತೆಗೆದರು, ಆಮೇಲೆ ಟೋಪಿ.

“ನಾನು ಹೇಳಿ ಕಳಿಸಿಲ್ಲ.”

“ಯೋನಾಸ್ ಬಂದಿದ್ದ ಅಕ್ಕ.”

“ಬಂದವನು ಯೋನಾಸ್. ನಾನಲ್ಲ.”

“ನಂಗೆ ಹೇಗೆ ಗೊತ್ತಾಗ್ಬೇಕು?” ಅವರು ನೆಲ ನೋಡುತ್ತಲೇ ಹೇಳಿದರು. “ನಿಮ್ಮ ಮಾತು ಯಾವತ್ತು ನಿಮ್ಮ ಬಾಯಲ್ಲಿ ಬಂದಿದೆ?”

ಚೈನು ಬಿಗಿದು ಕಿರುಗುಟ್ಟುತ್ತಿತ್ತು, ಗಾಳಿ ಮತ್ತೆ ಏಳುತ್ತಿತ್ತು. ಅವನ ಹೊಳೆಯುವ ಬೆನ್ನಿಗೆ ಕೈಯಿಟ್ಟು ನೋಡಿದೆ. ಆಗಲೇ ಬಿಸಿಲಿಗೆ ಬೆಚ್ಚಗಾಗಿತ್ತು.

“ಮತ್ತೆ ಎತ್ತಿ ನಿಲ್ಸೋಕಾಗುತ್ತಾ?”

“ಎಳೆಯೋಕೆ ಒಬ್ರು ಬೇಕು. ಕಾಲು ಹಿಡ್ಕೊಂಡು ಗಾಳಿಗೆ ತಗಡು ಅಡ್ಡ ಇಡೋಕೆ ಒಬ್ರು.”

“ಲೀನಾ ಪಿಕಪ್ ಓಡಿಸ್ತಾಳೆ. ಹಿಡಿಯೋಳು ನಾನು.”

“ಅಕ್ಕ, ನೀವು…”

“ನಿಲ್ಲಿಸಿ ಅಂತ ಹೇಳ್ತಿದೀನಿ ಬಾರೆಂಟ್. ಈಗ ನನ್ನ ಬಾಯಲ್ಲೇ ಹೇಳ್ತಿದೀನಿ. ಅವನನ್ನ ನಿಲ್ಲಿಸಿ.”

ಅವರು ಪಿಕಪ್ಪಿನಿಂದ ಹಳೆಯ ಮಾಸ್ಕೊಂದನ್ನು ತಂದುಕೊಟ್ಟರು. ಗಾಜಿನ ಮೂಲೆ ಸೀಳಿತ್ತು; ಆ ಕಡೆಯಿಂದ ನೋಡಬೇಡಿ ಎಂದರು. ಲೀನಾ ಗಾಡಿಯನ್ನು ಗೇಣು ಗೇಣಾಗಿ ಮುಂದಕ್ಕೆ ತೆಗೆದಳು. ಚೈನು ಎಳೆದಂತೆ ಅವನು ಒಮ್ಮೆ ತೂಗಿ ನಿಧಾನವಾಗಿ ನೆಟ್ಟಗಾದ. ಲೀನಾ ಬ್ರೇಕ್ ಮೇಲೆ ಕಾಲಿಟ್ಟು ಗೊಣಗುತ್ತಿದ್ದಳು, ಪ್ರಾರ್ಥನೆ ಮಾಡುತ್ತಿದ್ದಳೋ ಬೈಯುತ್ತಿದ್ದಳೋ. ನಾನು ಕುರ್ಚಿ ಎಳೆದುಕೊಂಡು ಕೂತು ಎರಡು ಕೈಯಿಂದ ಅವನ ಕಾಲನ್ನು ಅಪ್ಪಿಕೊಂಡೆ, ತಗಡನ್ನು ಮೊಣಕಾಲಿನಿಂದ ಒತ್ತಿ ಹಿಡಿದೆ. ಬಾರೆಂಟ್ ನನ್ನ ಪಾದದ ಹತ್ತಿರ ಮಲಗಿ ರಾಡು ತಾಗಿಸಿದರು. ಮಾಸ್ಕಿನೊಳಗೆ ಹಸಿರು ಕತ್ತಲೆ, ನಡುವೆ ಒಂದೇ ಒಂದು ಬೆಳಕಿನ ಚುಕ್ಕಿ. ಅವರು ಕೆಮ್ಮಿದಾಗ ಚುಕ್ಕಿ ಆರುತ್ತಿತ್ತು, ಮತ್ತೆ ಹತ್ತುತ್ತಿತ್ತು.

“ಕೈ ಅಲ್ಲಾಡಿಸ್ಬೇಡಿ ಅಕ್ಕ. ಅವನಿಗೆ ಮೊದ್ಲೇ ಮುಖ ಇಲ್ಲ. ಕಾಲೂ ಸೊಟ್ಟ ಆದ್ರೆ ಓಟು ಬೀಳಲ್ಲ.”

ಅದು ತಮಾಷೆಯೇ ಇರಬೇಕು. ನಾನು ನಕ್ಕಿರಬೇಕು, ಯಾಕೆಂದರೆ ಕಾಲು ಅಲುಗಿತು ಮತ್ತು ಅವರು, “ಅಲ್ಲಾಡಿಸ್ಬೇಡಿ ಅಂದ್ನಲ್ಲ,” ಎಂದು ಗದರಿದರು. ಎಪ್ಪತ್ತು ದಾಟಿದ ಮೇಲೆ ತಮ್ಮನಿಂದ ಮೊದಲ ಬೈಗುಳ.

ಆಮೇಲೆ ಸೈರನ್ ಕೇಳಿಸಿತು. ಹೊಸ ರಸ್ತೆಯ ಮೇಲೆ ಕಾರುಗಳು ಬರುವ ಸದ್ದು ದೊಡ್ಡದಾಯಿತು. ಲೀನಾ “ಅತ್ತೆ, ಬಂದ್ರು, ಬಂದ್ರು,” ಎಂದಳು. ಒಂದು ಕಾರು ನಿಧಾನವಾದ ಹಾಗಿತ್ತು. ಮಾಸ್ಕ್ ಎತ್ತಿ ನೋಡಬೇಕೆನಿಸಿತು.

“ಹಿಡ್ದಿರಿ,” ಎಂದರು ಬಾರೆಂಟ್. “ಇದು ಆರೋ ತನಕ.”

ಹಿಡಿದಿದ್ದೆ. ಮಾಸ್ಕ್ ಎತ್ತಿದಾಗ ರಸ್ತೆಯ ಮೇಲೆ ಧೂಳು ಮಾತ್ರ ಇತ್ತು. ಮಂತ್ರಿಗಳು ಇದ್ದರೋ ಇಲ್ಲವೋ ನಾನು ನೋಡಲಿಲ್ಲ. ಹೇಳಬೇಕಾಗಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಅವನು ನಿಂತಿದ್ದ, ಎಡಕ್ಕೆ ಸ್ವಲ್ಪ ವಾಲಿಕೊಂಡು. ಬಾರೆಂಟ್ ಬಡಿದು ನೋಡಿ, ಇನ್ನು ಬೀಳಲ್ಲ ಎಂದರು. ಆಮೇಲೆ ತಾವಾಗಿಯೇ ಹಾಸಿಗೆ ಸುತ್ತಿ ಪಿಕಪ್ಪಿಗೆ ಹಾಕಿ ಲೀನಾಳ ಮನೆಗೆ ಹೋದರು.

ಸೀಳು ಗಾಜಿನಿಂದ ಬೆಳಕು ಬಡಿದಿದ್ದಕ್ಕೆ ನನ್ನ ಕಣ್ಣು ಊದಿ ಮುಚ್ಚಿಹೋಯಿತು. ಲೀನಾ ನನ್ನನ್ನೂ ತನ್ನ ಮನೆಯಲ್ಲೇ ಇಟ್ಟುಕೊಂಡು, ತಣ್ಣನೆಯ ಟೀಯಲ್ಲಿ ಅದ್ದಿದ ಬಟ್ಟೆಯನ್ನು ಕಣ್ಣಿಗೆ ಇಟ್ಟು ಇಟ್ಟು ಬೈಯುತ್ತಾಳೆ. ಅಪ್ಪನಿಗೆ ಆ ಕೋಣೆಯಲ್ಲಿ ಆಕ್ಸಿಜನ್, ಅತ್ತೆಗೆ ಈ ಕೋಣೆಯಲ್ಲಿ ಟೀ. ಕ್ಲಿನಿಕ್ಕಿನಲ್ಲೇ ಇದಕ್ಕಿಂತ ಸುಖವಂತೆ.

ಆಗಸ್ಟ್ 4, ಭಾನುವಾರ

ಬೆಳಿಗ್ಗೆ ಸಾಲಮೋನ್ ಇಲ್ಲಿಗೇ ಬಂದ. ಕೂರು ಎಂದರೂ ಕೂರಲಿಲ್ಲ.

“ನೀವು ಹ್ಞೂಂ ಅಂದಿದ್ರಿ ಮಿಸ್.”

“ಯೋಚಿಸ್ತೀನಿ ಅಂದಿದ್ದೆ. ಯೋಚಿಸಿದೆ.”

“ಮಂತ್ರಿಗಳು ಕಾರು ನಿಧಾನ ಮಾಡ್ಸಿ, ಇದು ಯಾರ ಪ್ರತಿಮೆ ಅಂತ ನನ್ನನ್ನೇ ಕೇಳಿದ್ರು. ಏನು ಹೇಳ್ಲಿ ನಾನು? ಗಾಳಿ ಜಾಸ್ತಿ ಅಲ್ವಾ ಸಾರ್ ಅಂದೆ.” ಅವನಿಗೆ ನಿಜವಾಗಿಯೂ ನೋವಾಗಿತ್ತು. “ಕೇಸ್ ಹಾಕ್ತೀವಿ. ಅದನ್ನ ಮತ್ತೆ ನಿಲ್ಸಿದ್ದು ಯಾರು?”

“ನಾವು,” ಎಂದೆ.

“ನಾವು ಅಂದ್ರೆ?”

“ಹೆಸ್ತರ್ ಇಸಾಕ್ ಹಿಡಿದಿದ್ದು, ಬಾರೆಂಟ್ ಇಸಾಕ್ ಬೆಸೆದಿದ್ದು. ಬರ್ಕೊ. ಇನ್ನು ಮೇಲೆ ನನ್ನ ಮಾತನ್ನ ಯಾರ ಹತ್ರಾನೂ ಕೊಟ್ಟು ಕಳಿಸ್ಬೇಡ.”

ಅವನು ಹೋದ ಮೇಲೆ ಲೀನಾ ಒಳಗಿನ ಕೋಣೆಯಿಂದ ಬಂದಳು.

“ಅತ್ತೆ, ಅಪ್ಪ ಕೇಳ್ತಿದಾರೆ. ಅವನೀಗ ವಾಲ್ಕೊಂಡು ನಿಂತಿದಾನಲ್ಲ, ಹಳೇ ಹೆಸರು ಒಪ್ಪಲ್ವಂತೆ. ಹೊಸದು ನೀವೇ ಹೇಳ್ಬೇಕಂತೆ.”

ಹೆಸರು ನನಗೆ ಬುಧವಾರವೇ ಹೊಳೆದಿತ್ತು, ಬಾರೆಂಟ್ ಇಡುವಂಥದ್ದೇ ತುಂಟ ತಮಾಷೆಯ ಹೆಸರು. ಈ ವಯಸ್ಸಿನಲ್ಲಿ, ಅದೂ ತಮ್ಮನೆದುರು, ಬಾಯಿ ಬಿಟ್ಟು ಹೇಳುವಂಥದ್ದಲ್ಲ.

“ಏನಂತ ಹೇಳ್ಲಿ?”

“ಏನೂ ಹೇಳ್ಬೇಡ,” ಎಂದೆ. “ಬಾಗಿಲು ತೆಗೆದಿಡು. ನಾನೇ ಬಂದು ಹೇಳ್ತೀನಿ.”